ಎರಡನೇ ಕಿಟಕಿಗೆ ದಾಟದ ಹೆಸರು

ಮೂರು ವಾರ ನಾನು ಒಂದು ಹೆಸರನ್ನು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ದಾಟಿಸಲು ಒದ್ದಾಡಿದ್ದೇನೆ. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ, ನಗಲಿ. ಆಗ ನನಗೆ ಇಪ್ಪತ್ತೊಂದು ವರ್ಷ. ತೊಂಬತ್ತರ ದಶಕದ ನಡುಗಾಲ. ಸೊಲ್ಲಾಪುರದ ಒಂದು ಚಾದರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪ್ಯೂಟರ್ ಕ್ಲಾಸು; ಅದರಲ್ಲಿ ನಾಲ್ಕು ಕಂಪ್ಯೂಟರು, ಹದಿನಾರು ವಿದ್ಯಾರ್ಥಿಗಳು, ಒಬ್ಬರೇ ಸರ್. ಯಂತ್ರಗಳಿಗೆ ಧೂಳು ಆಗಿಬರುವುದಿಲ್ಲವೆಂದು ನಾವು ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಡಬೇಕಿತ್ತು. ಕೆಳಗಿನ ಅಂಗಡಿಯಲ್ಲಿ ಚಾದರ ಕೊಡವಿದಾಗಲೆಲ್ಲ ಮೇಲೆ ಹಾರಿ ಬರುತ್ತಿದ್ದ ಹತ್ತಿಯ ಎಳೆಗಳಿಗೆ ಮಾತ್ರ ಈ ನಿಯಮ ಗೊತ್ತಿರಲಿಲ್ಲ.

ನಾನು ಅಕ್ಕಲಕೋಟದಿಂದ ದಿನಾ ಎಸ್ಟಿ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಸುಮಾರು ಒಂದು ತಾಸಿನ ದಾರಿ. ಎರಡೂ ಕಡೆ ಜೋಳದ ಹೊಲ, ನಡುವೆ ನಿದ್ದೆ ಹೋದ ಕಂಡಕ್ಟರ್. ನನಗೆ ನಿದ್ದೆ ಬರುತ್ತಿರಲಿಲ್ಲ. ಕ್ಲಾಸಿಗೆ ಹೋಗುವುದೆಂದರೆ ನನಗೆ ಹಬ್ಬಕ್ಕೆ ಹೋದ ಹಾಗೆ, ಅದನ್ನು ಮುಚ್ಚಿಡುವುದೇಕೆ? ಕಾಲೇಜಿನಲ್ಲಿ ಓದಿದ್ದು ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗಿತ್ತು. ಇಲ್ಲಿ ಹಾಗಲ್ಲ, ನಾನು ಹೇಳಿದ್ದನ್ನು ಒಂದು ಯಂತ್ರ ಚಾಚೂ ತಪ್ಪದೆ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ನನ್ನ ಮಾತನ್ನು ಹಾಗೆ ಕೇಳುವವರು ಇರಲಿಲ್ಲ.

ಕೋರ್ಸಿನ ಕೊನೆಗೆ ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟ್ ಮಾಡಬೇಕು. ನಾನು ಆರಿಸಿಕೊಂಡದ್ದು ಕಣ್ಣಿನ ಶಿಬಿರ. ವರ್ಷಕ್ಕೊಮ್ಮೆ ಅಕ್ಕಲಕೋಟದ ಒಂದು ಧರ್ಮಶಾಲೆಯಲ್ಲಿ ಡಾಕ್ಟರು ಬಂದು ವಯಸ್ಸಾದವರ ಕಣ್ಣು ನೋಡಿ ಕನ್ನಡಕ ಕೊಡುತ್ತಿದ್ದರು. ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಬಂದವರ ಹೆಸರು ಬರೆದುಕೊಳ್ಳುವವರು ನಮ್ಮ ಅಪ್ಪ. ಅಪ್ಪ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್. ಅವರ ಅಕ್ಷರ ಎಷ್ಟು ಚೆಂದವೆಂದರೆ ಜನ ಮದುವೆಯ ಲಕೋಟೆಗಳ ಮೇಲೆ ವಿಳಾಸ ಬರೆಸಲು ಮನೆಗೆ ಬರುತ್ತಿದ್ದರು. ಆ ಮೇಜಿನ ಕೆಲಸವನ್ನು ಕಂಪ್ಯೂಟರಿಗೆ ಕಲಿಸುವುದು ನನ್ನ ಪ್ರಾಜೆಕ್ಟ್.

ಪರದೆಯ ಮೇಲೆ ತೆರೆದುಕೊಳ್ಳುವ ಒಂದೊಂದು ಚೌಕಕ್ಕೂ ನಾವು ಕಿಟಕಿ ಎನ್ನುತ್ತಿದ್ದೆವು. ನನ್ನವು ಎರಡು. ಮೊದಲನೆಯದರಲ್ಲಿ ಬಂದವರ ಹೆಸರು, ಊರು, ವಯಸ್ಸು. ಎರಡನೆಯದರಲ್ಲಿ ಅದೇ ಹೆಸರು ತಾನಾಗಿ ಬರಬೇಕು, ಅದರ ಮುಂದೆ ಡಾಕ್ಟರು ಹೇಳಿದ ಕಣ್ಣಿನ ನಂಬರ್ ಹಾಕಿದರೆ ಪ್ರಿಂಟರಿನಿಂದ ಚೀಟಿ ಹೊರಬೀಳಬೇಕು. ಚೀಟಿ ತೋರಿಸಿದರೆ ಕನ್ನಡಕ. ಕಾಗದದ ಮೇಲೆ ಇಷ್ಟೇ. ಆದರೆ ನಾನು ಮೊದಲ ಕಿಟಕಿಯಲ್ಲಿ ಹೆಸರು ಹೊಡೆದು, ಎರಡನೆಯದನ್ನು ತೆರೆದರೆ ಅದು ಖಾಲಿ. ಮತ್ತೆ ಹೊಡೆದರೆ ಮತ್ತೆ ಖಾಲಿ. ಒಂದೇ ಪರದೆಯ ಮೇಲೆ, ಭುಜಕ್ಕೆ ಭುಜ ತಾಗಿಸಿಕೊಂಡು ನಿಂತ ಎರಡು ಕಿಟಕಿಗಳಿಗೆ ಒಂದಕ್ಕೊಂದರ ಗುರುತೇ ಇರಲಿಲ್ಲ. ಮೊದಲ ವಾರ ನನಗೆ ಸಿಟ್ಟು ಬಂತು, ಎರಡನೆಯ ವಾರ ಅಳು, ಮೂರನೆಯ ವಾರ ಛಲ.

ಸರ್ ಉತ್ತರ ಹೇಳಿಕೊಡುವ ಪೈಕಿ ಅಲ್ಲ. ನಿಮ್ಮ ಮನೆಯಲ್ಲಿ ಅಡುಗೆಮನೆಯಿಂದ ಪಡಸಾಲೆಗೆ ಚಹಾ ಹೇಗೆ ಹೋಗುತ್ತದೆ ಎಂದು ಕೇಳಿ ಚಾಕ್ ಕೆಳಗಿಟ್ಟು ಹೋಗಿಬಿಟ್ಟರು. ನಮ್ಮ ಮನೆಯಲ್ಲಿ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಆರಪಾರವಾದ ಒಂದು ಗೂಡಿತ್ತು. ಅವ್ವ ಈ ಕಡೆಯಿಂದ ಕಪ್ಪು ಇಡುತ್ತಾಳೆ, ಅಪ್ಪ ಆ ಕಡೆಯಿಂದ ತೆಗೆದುಕೊಳ್ಳುತ್ತಾರೆ, ಇಬ್ಬರಿಗೂ ಮುಖ ನೋಡುವ ಅಗತ್ಯವಿಲ್ಲ. ಬಸ್ಸಿನಲ್ಲಿ ಇದು ಹೊಳೆದಾಗ ನಾನು ಸೀಟಿನಿಂದ ಎದ್ದು ನಿಂತೆ, ಕಂಡಕ್ಟರ್ ಸ್ಟಾಪು ಬಂದಿಲ್ಲ ಕೂಡು ಎಂದ. ಮರುದಿನ ಎರಡೂ ಕಿಟಕಿಗಳ ಹೊರಗೆ, ಇಬ್ಬರಿಗೂ ಕೈಗೆಟುಕುವ ಕಡೆ ಒಂದು ಗೂಡು ಮಾಡಿದೆ. ಮೊದಲ ಕಿಟಕಿ ಅಲ್ಲಿ ಹೆಸರಿಟ್ಟಿತು, ಎರಡನೆಯದು ತೆಗೆದುಕೊಂಡಿತು. ನನ್ನದೇ ಹೆಸರು ಅಲ್ಲಿ ಮೂಡಿದ್ದನ್ನು ನೋಡಿ ನಾನು ಪಕ್ಕದವಳ ಬೆನ್ನಿಗೆ ಗುದ್ದಿದೆ. ಆ ದಿನ ಇಡೀ ಕ್ಲಾಸಿಗೆ ಸರ್ ಚಹಾ ತರಿಸಿದರು. ಅಷ್ಟು ಖುಷಿಯಾಗಿ ನಾನು ಆಮೇಲೆ ಚಹಾ ಕುಡಿದದ್ದು ಕಡಿಮೆ.

ಈಗ ನಿಜವಾದ ಸಂಗತಿಗೆ ಬರುತ್ತೇನೆ. ಕ್ಲಾಸಿಗೆ ಕಲಿಸುವವರು ಇನ್ನೊಬ್ಬರು ಬೇಕಾಗಿದ್ದರು, ಒಂದೇ ಜಾಗ. ಅದು ಸಿಕ್ಕರೆ ನನ್ನ ಸೊಲ್ಲಾಪುರ ಉಳಿಯುತ್ತದೆ. ಸಿಗದಿದ್ದರೆ ಕೋರ್ಸು ಮುಗಿದ ಮರುದಿನದಿಂದ ನಾನು ಮನೆಯಲ್ಲಿ ಕುಳಿತು ಶೇಂಗಾ ಸುಲಿಯುವುದೇ. ಕಂಪ್ಯೂಟರ್ ಕಂಡದ್ದು ಆ ಮಹಡಿಯಲ್ಲಿ ಮಾತ್ರ, ಅಕ್ಕಲಕೋಟದಲ್ಲಿ ಎಲ್ಲಿಂದ ತರಲಿ? ಸರ್ ಇಟ್ಟ ಶರತ್ತು ವಿಚಿತ್ರವಾಗಿತ್ತು. ನಮ್ಮ ಪ್ರೋಗ್ರಾಮನ್ನು ಕಂಪ್ಯೂಟರ್ ಮುಟ್ಟಿಯೇ ಇಲ್ಲದವರೊಬ್ಬರು ಬೆಳಗಿನಿಂದ ಸಂಜೆಯ ತನಕ ನಡೆಸಬೇಕು. ಮೊದಲೇ ಏನು ಹೇಳಿಕೊಟ್ಟರೂ ನಡೆದೀತು, ಆ ದಿನ ಮಾತ್ರ ಇಲ್ಲ.

"ಮಾಡಿದವರು ಅವತ್ತ ಬಾಯಿ ತೆಗೀಬಾರ್ದು, ಕೈ ಹಚ್ಚಬಾರ್ದು," ಅಂದರು ಸರ್. "ಕಲಿಯೋರ ಕೈಯಾಗಿಂದು ಕಸಗೊಂಡು ತಾವಽ ಮಾಡೋರು ಎಂದೂ ಕಲಸೂದಿಲ್ಲ."

ಈ ಜಾಗಕ್ಕೆ ನನ್ನ ಎದುರಾಳಿ ಒಬ್ಬನೇ, ವಿಡಿಯೋ ಕ್ಯಾಸೆಟ್ ಅಂಗಡಿಗೆ ಪ್ರೋಗ್ರಾಮ್ ಬರೆದಿದ್ದವನು. ಅವನ ಪರೀಕ್ಷೆಯ ದಿನ ಅಂಗಡಿಯವರು ಮೌಸನ್ನು ತಲೆಕೆಳಗು ಹಿಡಿದು ನೋಡುತ್ತಿದ್ದರಂತೆ. ಅವನಿಗೆ ಅರ್ಧ ತಾಸೂ ತಡೆಯಲಾಗಲಿಲ್ಲ, ಕಸಿದುಕೊಂಡ, ಅಲ್ಲಿಗೆ ಮುಗಿಯಿತು. ಉಳಿದವಳು ನಾನು. ನಾನೂ ಕೈಚೆಲ್ಲಿದರೆ ಪುಣೆಯಿಂದ ಯಾರನ್ನಾದರೂ ಕರೆಸುವುದಾಗಿ ಸರ್ ಹೇಳಿದ್ದರು.

ನನ್ನ ಪ್ರೋಗ್ರಾಮು ನಡೆಸುವವರು ಅಪ್ಪ. ಹದಿನೈದು ದಿನ ಮುಂಚಿನಿಂದಲೇ ಅವರಿಗೆ ಪಾಠ ಶುರು ಮಾಡಿದೆ. ಮನೆಯಲ್ಲಿ ಕಂಪ್ಯೂಟರ್ ಎಲ್ಲಿಯದು? ಅಂಗಿಯ ಡಬ್ಬಿಯ ರಟ್ಟನ್ನು ಕತ್ತರಿಸಿ ಅದರ ಮೇಲೆ ಕೀಲಿಮಣೆ ಬರೆದೆ. ಅಪ್ಪ ಕಚೇರಿಯಿಂದ ಬಂದು, ಕೈಕಾಲು ತೊಳೆದು, ಪಡಸಾಲೆಯಲ್ಲಿ ಚಕ್ಕಳಮಕ್ಕಳ ಕುಳಿತು, ನಾನು ಹೇಳಿದ ಹೆಸರನ್ನು ರಟ್ಟಿನ ಮೇಲೆ ಒಂದೇ ಬೆರಳಿನಿಂದ ಹೊಡೆಯುತ್ತಿದ್ದರು. ಯಾವ ಹೆಸರು ಹೇಳಿದರೂ ಅವರ ಬೆರಳು ಮೊದಲು ಎಸ್ ಅಕ್ಷರದ ಮೇಲೆ ಹೋಗುತ್ತಿತ್ತು. ಅಕ್ಷರ ಹುಡುಕುತ್ತಿದ್ದಾರೆ ಅಂದುಕೊಂಡು ನಾನು ಸುಮ್ಮನಿದ್ದೆ. ರಟ್ಟಿಗೆ ಪರದೆ ಇರಲಿಲ್ಲವಲ್ಲ, ಅವರು ಏನು ಬರೆದರು ಎಂದು ಕಾಣುವುದಾದರೂ ಹೇಗೆ? ಕೊನೆಯ ದಿನ ನಾನು ಜಂಬದಿಂದ ಇನ್ನೊಂದು ಮಾತು ಹೇಳಿದೆ: ಈ ಸಲ ಕಾಗದದ ರಜಿಸ್ಟರ್ ಇಡಬೇಡಿ, ಎಲ್ಲ ಕಂಪ್ಯೂಟರಿನಲ್ಲೇ ಇರುತ್ತದೆ. ಅಪ್ಪ ರಜಿಸ್ಟರನ್ನು ಕಪಾಟಿನಲ್ಲಿಟ್ಟು, ಆಯ್ತು ಅಂದರು.

ಶಿಬಿರದ ರವಿವಾರ ಸರ್ ಒಂದು ಜೀಪಿನಲ್ಲಿ ಕಂಪ್ಯೂಟರನ್ನು ತಂದರು. ಪೆಟ್ಟು ಬೀಳದಿರಲೆಂದು ಕೆಳಗಿನ ಅಂಗಡಿಯವರು ನಾಲ್ಕು ಹೊಸ ಚಾದರ ಕೊಟ್ಟಿದ್ದರು. ಹೂವು ಬಳ್ಳಿ ನವಿಲುಗಳ ನಡುವೆ ಸುತ್ತಿಟ್ಟ ಅದನ್ನು ಒಳಗೆ ಹೊತ್ತು ತಂದಾಗ ಧರ್ಮಶಾಲೆಯಲ್ಲಿ ಕೂತಿದ್ದ ಮುದುಕಿಯರು ಮದುಮಗಳು ಬಂದಳೆಂಬಂತೆ ಸರಿದು ಜಾಗ ಕೊಟ್ಟರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ನನ್ನನ್ನು ಸರ್ ಕುಡಿಯುವ ನೀರಿನ ಕೊಡಗಳ ಹತ್ತಿರ ಕೂಡಿಸಿದರು. ಅಲ್ಲಿಂದ ನನಗೆ ಅಪ್ಪನ ಬೆನ್ನು ಕಾಣುತ್ತಿತ್ತು, ಪರದೆ ಕಾಣುತ್ತಿರಲಿಲ್ಲ.

ಬೆಳಗಿನ ಕೆಲಸ ಎಷ್ಟು ಸರಾಗವಾಗಿ ಹೋಯಿತೆಂದರೆ ನಾನು ಮನಸ್ಸಿನಲ್ಲೇ ಹೊಸ ಬ್ಯಾಚಿಗೆ ಪಾಠ ಮಾಡುತ್ತಿದ್ದೆ. ಅಪ್ಪ ಒಬ್ಬೊಬ್ಬರನ್ನೂ ಕನ್ನಡದಲ್ಲೋ ಮರಾಠಿಯಲ್ಲೋ ಮಾತಾಡಿಸಿ, ಊರ ಸುದ್ದಿ ಕೇಳಿ, ಒಂದು ಬೆರಳಿನಿಂದ ಹೊಡೆದು ಸೇರಿಸುತ್ತಿದ್ದರು. ಕಂಪ್ಯೂಟರು ತಾನಾಗಿ ಕೊಡುವ ಸಾಲಿನ ನಂಬರನ್ನು ಒಂದು ತುಂಡು ಕಾಗದದಲ್ಲಿ ಬರೆದು ಕೈಗಿಡುತ್ತಿದ್ದರು. ಜನ ಅದನ್ನು ಹಿಡಿದು ಡಾಕ್ಟರ ಕೋಣೆಗೆ ಹೋಗುತ್ತಿದ್ದರು, ಡಾಕ್ಟರು ಅದರ ಹಿಂಬದಿಗೆ ಕಣ್ಣಿನ ನಂಬರ್ ಬರೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅರವತ್ತಕ್ಕೂ ಹೆಚ್ಚು ಜನ ಕಣ್ಣು ತೋರಿಸಿಕೊಂಡು ಮತ್ತೆ ಅಪ್ಪನ ಮೇಜಿನ ಮುಂದೆ ಸಾಲು ನಿಂತರು. ಅಪ್ಪ ನಾನು ಕಲಿಸಿದ ಹಾಗೆ ಎರಡನೆಯ ಕಿಟಕಿ ತೆರೆದರು.

ತೆರೆದವರು ಹಾಗೇ ಕುಳಿತರು. ಕುತ್ತಿಗೆ ಮುಂದೆ ಚಾಚಿದರು, ಹಿಂದೆ ತಂದರು, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ತಿರುಗಿ ನನ್ನ ಕಡೆ ನೋಡಿದರು. ಹತ್ತಿರ ಹೋಗಬಾರದೆಂದು ಶರತ್ತು ಹೇಳಿರಲಿಲ್ಲ, ಹಾಗಾಗಿ ಹೋದೆ. ಎರಡನೆಯ ಕಿಟಕಿಯಲ್ಲಿ ಹೆಸರುಗಳ ಪಟ್ಟಿ ಬರಬೇಕಾದ ಕಡೆ, ಮೇಲಿನಿಂದ ಕೆಳಗಿನ ತನಕ, ಇಂಗ್ಲಿಷ್ ಅಕ್ಷರದಲ್ಲಿ ಶ್ರೀ, ಶ್ರೀ, ಶ್ರೀ, ಶ್ರೀ. ಅರವತ್ತಕ್ಕೂ ಹೆಚ್ಚು ಸಲ ಶ್ರೀ, ನಡುವೆ ಒಂದೇ ಒಂದು ಹೆಸರಿಲ್ಲ.

ಸಾಲಿನ ಮುಂದಿದ್ದ ಅಜ್ಜಿಯೊಬ್ಬಳಿಗೆ ಇದೇನೆಂದು ಯಾರೋ ಓದಿ ಹೇಳಿದರು. ಅವಳು ಸೆರಗು ತಲೆ ಮೇಲೆ ಎಳೆದುಕೊಂಡು ಪರದೆಗೆ ಕೈ ಮುಗಿದಳು.

"ಯವ್ವಾ, ಕಂಪ್ಯೂಟರ ನಾಮಜಪ ಮಾಡಾಕತ್ತದ."

ಧರ್ಮಶಾಲೆ ನಗೆಯಿಂದ ತುಂಬಿತು. ಡಾಕ್ಟರು ಒಳಗಿನಿಂದ ಬಂದು ನೋಡಿ ಅವರೂ ನಕ್ಕರು. ನನಗೆ ನಗು ಬರಲಿಲ್ಲ. ಏನಾಗಿದೆಯೆಂದು ನನಗೆ ಒಂದು ಕ್ಷಣದಲ್ಲಿ ತಿಳಿದಿತ್ತು. ನಮ್ಮ ಅಪ್ಪ ಹೊಸ ಕಾಗದ ತೆಗೆದುಕೊಂಡರೆ ಮೇಲೆ ನಡುಮಧ್ಯೆ ಶ್ರೀ ಬರೆಯದೆ ಮುಂದಿನ ಸಾಲಿಗೆ ಹೋದವರೇ ಅಲ್ಲ. ಕಚೇರಿಯ ಟಿಪ್ಪಣಿ, ಅಕ್ಕನಿಗೆ ಪತ್ರ, ಕಿರಾಣಿ ಸಾಮಾನಿನ ಚೀಟಿ, ಇಸ್ತ್ರಿಯವನಿಗೆ ಕೊಟ್ಟ ಬಟ್ಟೆಗಳ ಪಟ್ಟಿ, ಎಲ್ಲದರ ನೆತ್ತಿಯ ಮೇಲೂ ಶ್ರೀ. ಮತ್ತು ಈ ಜಾಣೆ ಮಗಳು ಮಾಡಿದ್ದೇನು? ಅಂದ ಕಾಣಲೆಂದು ಹೆಸರು ತುಂಬುವ ಪುಟ್ಟ ಚೌಕವನ್ನು ಉಳಿದವುಗಳಿಂದ ಬೇರೆ ಮಾಡಿ ಕಿಟಕಿಯ ಮೇಲೆ ನಟ್ಟನಡುವೆ ಇಟ್ಟಿದ್ದೆ. ಪ್ರತಿ ಹೊಸ ಮನುಷ್ಯನಿಗೂ ಕಿಟಕಿ ಖಾಲಿಯಾಗಿ ತೆರೆದುಕೊಳ್ಳುತ್ತಿತ್ತು. ಖಾಲಿ ಹಾಳೆ, ಮೇಲೆ ನಡುವೆ ಒಂದು ಜಾಗ. ಅಪ್ಪ ಅಲ್ಲಿ ಶ್ರದ್ಧೆಯಿಂದ ಶ್ರೀ ಹೊಡೆದು, ಪೂರ್ತಿ ಹೆಸರನ್ನು ಕೆಳಗೆ ಊರಿನ ಚೌಕದಲ್ಲಿ, ಊರಿನ ಜೊತೆಗೇ ತುಂಬಿದ್ದರು. ನನ್ನ ಗೂಡು ಮೇಲಿನದನ್ನಷ್ಟೇ ಆಚೆಗೆ ದಾಟಿಸಿತ್ತು.

ಸರಿಪಡಿಸಲು ಹತ್ತು ನಿಮಿಷ ಸಾಕು. ನನ್ನ ಬೆರಳುಗಳು ತುರಿಸುತ್ತಿದ್ದವು. ಸರ್ ಕಂಬಕ್ಕೆ ಒರಗಿ ನಿಂತು ನನ್ನ ಕೈಗಳನ್ನೇ ನೋಡುತ್ತಿದ್ದರು. ಮುಟ್ಟಿದರೆ ಜಾಗ ಹೋಯಿತು. ಮುಟ್ಟದಿದ್ದರೆ ಬೆಳಗಿನಿಂದ ಕಾದು ನಿಂತವರಿಗೆ ಕನ್ನಡಕ ಸಿಗುವುದಿಲ್ಲ. ಕಾಗದದ ರಜಿಸ್ಟರಾದರೂ ಇದ್ದರೆ ಅಂದುಕೊಂಡು ನಾನು ಅಪ್ಪನ ಮೇಜಿನ ಮೇಲೆ ಕಣ್ಣಾಡಿಸಿದೆ. ಅವರಿಗೆ ಗೊತ್ತಾಯಿತು.

"ನೀ ಕಾಗದ ಬ್ಯಾಡಂದಿದ್ದಿ," ಅಂದರು ಮೆಲ್ಲಗೆ. "ಅದಕ್ಕ ನಾ ಎಲ್ಲೂ ಬರಕೊಂಡಿಲ್ಲ."

ಇಷ್ಟು ವರ್ಷದಲ್ಲಿ ಮೊದಲ ಸಲ ಅಪ್ಪ ಕಾಗದವಿಲ್ಲದೆ ಕುಳಿತಿದ್ದರು, ನನ್ನ ಒಂದು ಮಾತಿಗೆ. ಆಗ ನನಗೆ ಕಣ್ಣಲ್ಲಿ ನೀರು ಬಂತು. ಜಾಗ ಹಾಳಾಗಿ ಹೋಗಲಿ ಎಂದು ಕುರ್ಚಿಯ ಕಡೆ ಒಂದು ಹೆಜ್ಜೆ ಇಟ್ಟೆ. ಅಪ್ಪ ಕೈ ಅಡ್ಡ ಹಿಡಿದರು. ಮುಟ್ಟಬ್ಯಾಡ ಅಂದರು, ತಡಿ ಅಂದರು. ಚೀಲದಿಂದ ಒಂದು ಹಾಳೆ ಮತ್ತು ಪೆನ್ನು ತೆಗೆದರು.

ಅರವತ್ತು ಜನ ಕಾಯುತ್ತಿರುವಾಗ ನಮ್ಮ ಅಪ್ಪ ಅರ್ಜಿ ಬರೆಯಲು ಕುಳಿತರು. ಮೇಲೆ ನಡುವೆ ಶ್ರೀ ಬರೆದದ್ದನ್ನು ಕಂಡು ಡಾಕ್ಟರು ಮತ್ತೆ ನಕ್ಕರು, ಅಪ್ಪ ತಲೆ ಎತ್ತಲಿಲ್ಲ. ಕಚೇರಿಯ ಮರಾಠಿಯಲ್ಲಿ, ಅದೇ ಮುತ್ತಿನ ಅಕ್ಷರದಲ್ಲಿ ಬರೆದರು: ಸದರಿ ಪ್ರೋಗ್ರಾಮನ್ನು ನಡೆಸುವ ಅರ್ಜಿದಾರನು ತನ್ನ ಹಳೆಯ ರೂಢಿಯಿಂದ ಮೊದಲ ಚೌಕದಲ್ಲಿ ಬರೆಯಬಾರದ್ದನ್ನು ಬರೆದಿರುತ್ತಾನೆ. ಪ್ರೋಗ್ರಾಮು ಮಾಡಿದವರದು ಇದರಲ್ಲಿ ಯಾವ ತಪ್ಪೂ ಇರುವುದಿಲ್ಲ. ಅವರು ತಾವಾಗಿ ಕೈ ಹಚ್ಚಿರುವುದಿಲ್ಲ. ಅರ್ಜಿದಾರನ ವಿನಂತಿಯ ಮೇರೆಗೆ ಹತ್ತು ನಿಮಿಷ ಕೈ ಹಚ್ಚಲು ಅಪ್ಪಣೆ ಆಗಬೇಕು. ಕೆಳಗೆ ಸಹಿ, ತಾರೀಖು, ವೇಳೆ. ಎರಡು ಕೈಯಲ್ಲಿ ಹಿಡಿದು ಸರ್‌ಗೆ ಕೊಟ್ಟರು. ಸರ್ ವಯಸ್ಸಿನಲ್ಲಿ ಅಪ್ಪನಿಗಿಂತ ಇಪ್ಪತ್ತು ವರ್ಷ ಚಿಕ್ಕವರು.

ಸರ್ ಅದನ್ನು ಎರಡು ಸಲ ಓದಿದರು. ತುಟಿಯಂಚಿನಲ್ಲಿ ನಗು ಇತ್ತು, ಆದರೆ ಅವರೂ ಆಟವನ್ನು ಆಟವೆಂದು ಆಡುವವರಲ್ಲ. ಅಪ್ಪನ ಪೆನ್ನನ್ನೇ ಇಸಿದುಕೊಂಡು ಅಂಚಿನಲ್ಲಿ ಬರೆದರು: ಹತ್ತು ನಿಮಿಷ ಮಂಜೂರು. ತಪ್ಪು ಅರ್ಜಿದಾರರದಲ್ಲ.

ನಾನು ಕುರ್ಚಿಯಲ್ಲಿ ಕುಳಿತೆ. ಹೆಸರಿನ ಬದಲು ಕಂಪ್ಯೂಟರು ಕೊಟ್ಟ ಸಾಲಿನ ನಂಬರನ್ನು ಗೂಡಿನಲ್ಲಿಡುವಂತೆ ಮಾಡಿದೆ. ನಂಬರು ಸಿಕ್ಕರೆ ಆ ಮನುಷ್ಯನ ಇಡೀ ಸಾಲು, ಎಲ್ಲ ಚೌಕಗಳೂ, ಎರಡನೆಯ ಕಿಟಕಿಯ ಕೈಗೆ ಸಿಗುತ್ತವೆ. ಎಂಟನೆಯ ನಿಮಿಷಕ್ಕೆ ಕಿಟಕಿ ತೆರೆದರೆ ಪಟ್ಟಿಯ ತುಂಬ ಹೆಸರುಗಳು, ಒಂದೊಂದರ ಹಿಂದೆಯೂ ಅದರ ನಂಬರು. ಆ ಹೆಸರುಗಳನ್ನು ಹಾಗೆ ಒಟ್ಟಿಗೆ ನೋಡಿದಾಗ ನನ್ನ ಇನ್ನೊಂದು ತಪ್ಪು ಕಂಡಿತು. ನಮ್ಮ ಕಡೆ ಗಂಡಸರಲ್ಲಿ ಎಷ್ಟೋ ಜನಕ್ಕೆ ಊರ ದೇವರ ಹೆಸರೇ. ಆ ಪಟ್ಟಿಯಲ್ಲಿ ಒಂದೇ ಹೆಸರಿನವರು ಏಳು ಜನ ಇದ್ದರು, ಅವರಲ್ಲಿ ಇಬ್ಬರಿಗೆ ತಂದೆಯ ಹೆಸರೂ ಒಂದೇ. ಅಪ್ಪ ಶ್ರೀ ಬರೆಯದೆ ನಾನು ಹೇಳಿದ ಹಾಗೆ ಹೆಸರನ್ನೇ ಬರೆದಿದ್ದರೆ, ಯಾರಿಗೂ ಸಂಶಯ ಬರುತ್ತಿರಲಿಲ್ಲ. ಒಬ್ಬನ ಕನ್ನಡಕ ಇನ್ನೊಬ್ಬನ ಮೂಗಿನ ಮೇಲೆ ಕೂತು ಹಳ್ಳಿಗೆ ಹೋಗಿಬಿಡುತ್ತಿತ್ತು.

ಕುರ್ಚಿಯಿಂದ ಎದ್ದು ಅಪ್ಪನಿಗೆ ಜಾಗ ಕೊಟ್ಟೆ. ಸರ್ ಹತ್ತಿರ ಹೋಗಿ, ಏಳು ಹೆಸರುಗಳ ಸಂಗತಿಯನ್ನೂ ಬಿಡದೆ ಹೇಳಿದೆ. ಹೇಳದಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲವೇನೋ. ಆದರೆ ಅಪ್ಪ ನನ್ನ ತಪ್ಪನ್ನು ಸಹಿ ಹಾಕಿ ತಮ್ಮ ತಲೆಯ ಮೇಲೆ ಎಳೆದುಕೊಂಡಿದ್ದರು, ಅದನ್ನು ಅಲ್ಲೇ ಬಿಡಲು ನನಗೆ ಮನಸ್ಸಾಗಲಿಲ್ಲ.

"ತಪ್ಪು ನಂದು ಸರ್. ಅವರು ಹ್ಯಾಂಗ ಬರೀತಾರಂತ ಒಂದು ದಿವಸನೂ ಕೇಳಲಿಲ್ಲ, ನಾ ಹೇಳಿದ್ದಷ್ಟಽ."

ಸರ್ ಅರ್ಜಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಚಹಾ ಕುಡಿಯಲು ಹೋದರು. ಸಂಜೆಯ ತನಕ ಚೀಟಿಗಳು ಬರುತ್ತಲೇ ಇದ್ದವು. ಕೈ ಮುಗಿದಿದ್ದ ಅಜ್ಜಿ ಕನ್ನಡಕ ಹಾಕಿಕೊಂಡು ಎದುರಿಗಿದ್ದ ನನ್ನ ಮುಖವನ್ನೇ ಮೊದಲು ನೋಡಿ, ಇಷ್ಟು ಸಣ್ಣ ಹುಡುಗಿಯೇನ ಅಂದಳು. ನಾನು ನೀರಿನ ಕೊಡಗಳ ಹತ್ತಿರ ಕುಳಿತು ಎಲ್ಲರಿಗೂ ನೀರು ಕೊಟ್ಟೆ. ಜಾಗ ಹೋಯಿತೆಂದು ಗೊತ್ತಿದ್ದೂ ಯಾಕೋ ಮನಸ್ಸು ಹಗುರಾಗಿತ್ತು.

ಕಂಪ್ಯೂಟರು ಮತ್ತೆ ಚಾದರ ಹೊದ್ದುಕೊಂಡು ಜೀಪು ಹತ್ತಿತು. ಅಪ್ಪ ಮತ್ತು ಸರ್ ಜೀಪಿನ ಆ ಬದಿಗೆ ನಿಂತು ಬಹಳ ಹೊತ್ತು ಏನೋ ಮಾತಾಡಿದರು. ಅಪ್ಪ ಮತ್ತೇನು ಅರ್ಜಿ ಕೊಡುತ್ತಿದ್ದಾರೋ ಎಂದು ನನಗೆ ನಾಚಿಕೆ. ಹೊರಡುವಾಗ ಸರ್ ನನ್ನನ್ನು ಕರೆದರು.

"ಬರೋ ರವಿವಾರ ಒಂಬತ್ತಕ್ಕ ಬಾ. ಹೊಸ ಬ್ಯಾಚು, ಹನ್ನೆರಡು ಮಂದಿ. ನೀ ಕಲಸು."

ನಾನು ಏನಾದರೂ ಹೇಳುವಷ್ಟರಲ್ಲಿ ಜೀಪು ಹೊರಟಿತ್ತು. ಮನೆಯ ತನಕ ನಾನು ನಡೆಯಲಿಲ್ಲ, ಜಿಗಿದೆ. ಅವ್ವ ಬೀದಿಯಲ್ಲಿ ಹಿಂಗಾ ಬರೂದು ಎಂದು ಬೈದು, ಸಂಗತಿ ಕೇಳಿದ ಮೇಲೆ ಬಾಯಿ ಸಿಹಿಗೆಂದು ಸಜ್ಜಕ ಮಾಡಿದಳು.

ಆ ವಾರವೆಲ್ಲ ನಾನು ಅವ್ವನ ಮುಂದೆ ಪಾಠ ಒಪ್ಪಿಸಿ ಅವಳ ತಲೆ ತಿಂದೆ. ರವಿವಾರ ಬೆಳಿಗ್ಗೆ ಎದ್ದರೆ ಅಪ್ಪ ಇಲ್ಲ. ಮೊದಲ ಬಸ್ಸಿಗೇ ಏನೋ ಕೆಲಸವೆಂದು ಹೋದರೆಂದು ಅವ್ವ ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ಬೇರೆ ದಿನ ಸಿಗಲಿಲ್ಲವೇ? ಇವತ್ತು ಕಾಲಿಗೆ ಬಿದ್ದು ಹೋಗೋಣವೆಂದರೆ ಮನುಷ್ಯನೇ ಇಲ್ಲ. ಬಸ್ಸಿನಲ್ಲಿ ಇಡೀ ದಾರಿ ಮುಖ ಗಂಟಿಕ್ಕಿಕೊಂಡೇ ಕುಳಿತೆ.

ಮೆಟ್ಟಿಲ ಕೆಳಗೆ ಚಪ್ಪಲಿಗಳ ಗುಂಪು. ನನ್ನದನ್ನೂ ಬಿಟ್ಟು ಮೇಲೆ ಹೋದೆ. ಬಾಗಿಲಲ್ಲಿ ಹಾಜರಿ ಪುಸ್ತಕ ಕೈಗಿಟ್ಟು ಸರ್ ಹೊರಟುಹೋದರು. ನಾನು ಒಳಗೆ ಕಾಲಿಟ್ಟೆ. ಬೆಂಚುಗಳು ಸದ್ದು ಮಾಡಿದವು, ಹನ್ನೆರಡೂ ಜನ ಎದ್ದು ನಿಂತರು. ಎರಡನೆಯ ಬೆಂಚಿನ ಕೊನೆಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಎಲ್ಲರಿಗಿಂತ ನೆಟ್ಟಗೆ ನಮ್ಮ ಅಪ್ಪ ನಿಂತಿದ್ದರು. ಉಳಿದವರು ನಗುತ್ತಾ ನಿಂತಿದ್ದರು, ಅವರು ನಗುತ್ತಿರಲಿಲ್ಲ. ಕಚೇರಿಯಲ್ಲಿ ಸಾಹೇಬರು ಬಂದರೆ ನಿಲ್ಲುವ ಹಾಗೆ ನಿಂತು, ನನ್ನ ಮಾತಿಗಾಗಿ ಕಾಯುತ್ತಿದ್ದರು.

ನಾನು ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟೆ.

"ಕೂಡ್ರಿ," ಅಂದೆ.

ಎಲ್ಲರೂ ಕುಳಿತರು, ಅಪ್ಪನೂ ಕುಳಿತರು.